ಮನೆ ಗುಂಪಿನಲ್ಲಿ ಕಾವೇರಿಯ ಲೆಕ್ಕ

ಚಿಕ್ಕಪ್ಪ (ಫಾರ್ವರ್ಡ್): ಕೊಡಗಿನಲ್ಲಿ ಸುರಿಯುವ ಮಳೆಯೆಲ್ಲ ತಮಿಳುನಾಡಿನ ಪಾಲು. ಕಾವೇರಿ ಹುಟ್ಟಿದ ನೆಲಕ್ಕೆ ಒಂದು ಹನಿಯೂ ಇಲ್ಲ. ಕನ್ನಡಿಗರಾದರೆ ಎಲ್ಲರಿಗೂ ಕಳುಹಿಸಿ.

ಚಿಕ್ಕಪ್ಪ: ನಾನು ಹೇಳುತ್ತಲೇ ಬಂದದ್ದು ಇದನ್ನೇ. ಮಾರ್ಚ್ ಬಂತೆಂದರೆ ನಮ್ಮ ತೋಡು, ಆ ಸಣ್ಣ ಹಳ್ಳ, ಒಣಗಿರುತ್ತದೆ.

ನಾನು: ಚಿಕ್ಕಪ್ಪ, ಇದನ್ನು ಬರೆದವರು ಯಾರು, ಯಾವ ಆದೇಶವನ್ನು ನೋಡಿ ಬರೆದರು ಎಂಬುದು ಇದರಲ್ಲಿ ಇಲ್ಲ. ಕೊಡಗಿನ ಮಳೆಯೆಲ್ಲ ಕಾವೇರಿಗೆ ಸೇರುವುದೂ ಇಲ್ಲ. ಬರಪೊಳೆ, ಪಯಸ್ವಿನಿಗಳು ಪಶ್ಚಿಮಕ್ಕೆ ಇಳಿದು ಕೇರಳದತ್ತ ಹರಿಯುತ್ತವೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 740 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರಿನಲ್ಲಿ ತಮಿಳುನಾಡಿಗೆ 404.25, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಸಾಧಾರಣ ಮಳೆಯ ವರ್ಷದಲ್ಲಿ ನಾವು ತಮಿಳುನಾಡಿನ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದದ್ದು 177.25 ಟಿಎಂಸಿ.

ದೊಡ್ಡಪ್ಪ: ಹಿರಿಯರು ಒಂದು ಮಾತು ಆಡಿದರೆ ಕೂಡಲೇ ಆಧಾರ ಕೇಳುವುದು ನಮ್ಮ ಮನೆಯ ಪದ್ಧತಿಯಲ್ಲ. ಆದರೂ ಹೇಳುತ್ತೇನೆ: 1924ರ ಕಾವೇರಿ ಒಪ್ಪಂದ ನಡೆದದ್ದು ಮೈಸೂರು ಮತ್ತು ಮದ್ರಾಸುಗಳ ನಡುವೆ, ಆಗ ಬೇರೆಯೇ ಪ್ರಾಂತ್ಯವಾಗಿದ್ದ ಕೊಡಗು ಅದರಲ್ಲಿ ಪಕ್ಷವಾಗಿರಲಿಲ್ಲ. ತಾಯಿಯ ನೀರನ್ನು ಮಕ್ಕಳು ಹಂಚಿಕೊಂಡು ಕುಡಿಯಬೇಕು, ಜಗಳವಾಡಬಾರದು.

ಅತ್ತೆ: ಹಂಚಿಕೊಳ್ಳುವ ಮಾತು ಬಂದದ್ದರಿಂದ ಕೇಳುತ್ತೇನೆ. ಹಿಂದಿನ ಬೇಸಿಗೆಯಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ತಡವಾಯಿತೆಂದು ಮೇಲಿನ ತೋಟದವರು ಒಂಬತ್ತು ದಿನ ಹಗಲೂ ರಾತ್ರಿ ಸ್ಪ್ರಿಂಕ್ಲರ್ ಓಡಿಸಿದಾಗ ಕೆಳಗಿನ ನಮ್ಮ ಕೆರೆಯಲ್ಲಿ ಕೆಸರು ಬಿರುಕು ಬಿಟ್ಟಿತ್ತು. ಆ ತೋಡನ್ನು ಒಣಗಿಸಿದ್ದು ತಮಿಳುನಾಡೋ?

ಚಿಕ್ಕಪ್ಪ: ಅಕ್ಕಾ, ಅದನ್ನು ಗುಂಪಿನಲ್ಲಿ ಎತ್ತಬೇಕಾಗಿರಲಿಲ್ಲ. ಮೊಗ್ಗು ಒಣಗಿದ್ದರೆ ವರ್ಷದ ಫಸಲೇ ಹೋಗುತ್ತಿತ್ತು.

ಬೆಂಗಳೂರಿನ ಅಕ್ಕ: ಆ ತೋಡಿನ ಬದಿಯ ಗದ್ದೆಯಲ್ಲಿ ಅಜ್ಜಿಯ ಕಣ್ಣು ತಪ್ಪಿಸಿ ಏಡಿ ಹಿಡಿಯುತ್ತಿದ್ದೆವಲ್ಲ! ಕೊಯ್ಲು ಮುಗಿದ ಮೇಲೂ ಬದುವಿನ ಸಂದಿಯಿಂದ ನೀರು ಜಿನುಗುತ್ತಿತ್ತು, ಕಾಲಿಟ್ಟರೆ ತಣ್ಣಗಿರುತ್ತಿತ್ತು.

ನಾನು: ಅಕ್ಕ ನೆನಪಿಸಿದ ಆ ಜಿನುಗೇ ನಮ್ಮ ಚರ್ಚೆಯ ವಿಷಯ. ಬದು ಕಟ್ಟಿದ ಗದ್ದೆ ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ, ನೆಲಕ್ಕೆ ಇಳಿಸಿ, ಬೇಸಿಗೆಯಲ್ಲಿ ತೋಡಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತಿತ್ತು. ನಾವು ಅದನ್ನು ಮುಚ್ಚಿ ಅಡಿಕೆ ನೆಟ್ಟ ಮೇಲೆ ಆಷಾಢದ ನೀರು ಒಂದೇ ವಾರದಲ್ಲಿ ಹಾರಂಗಿ ಜಲಾಶಯಕ್ಕೆ ನುಗ್ಗುತ್ತದೆ, ಮಾರ್ಚಿಗೆ ಏನೂ ಉಳಿಯುವುದಿಲ್ಲ. ತೀರ್ಪು ಕೂಡ ನದಿಯ ಮೇಲ್ಮೈಯನ್ನಷ್ಟೇ ನೋಡಲಿಲ್ಲ: ತಮಿಳುನಾಡಿನ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಿತು, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಸೇರಿಸಿತು. ಆದರೆ ಬಿಳಿಗುಂಡ್ಲುವಿನಲ್ಲಿ ಅಳೆಯುವವರಿಗೆ ನಮ್ಮ ಗದ್ದೆ ಕಾಣುವುದಿಲ್ಲ. ನಾಲ್ಕು ಸರ್ಕಾರಗಳೂ ಬಂದ ನೀರನ್ನು ಪಾಲು ಮಾಡುತ್ತಿವೆಯೇ ಹೊರತು, ನೀರು ಹಿಡಿಯುವ ಕಾಡು, ಗದ್ದೆ, ಕೆರೆಗಳನ್ನು ಉಳಿಸುವ ಖರ್ಚನ್ನು ಪಾಲು ಮಾಡಿಕೊಂಡಿಲ್ಲ. ತಂಜಾವೂರಿನ ರೈತನೂ, ಬೆಂಗಳೂರಿನ ನಲ್ಲಿಯೂ ಆ ಖರ್ಚಿಗೆ ಕೈಜೋಡಿಸಬೇಕು; ಗದ್ದೆ ಮುಚ್ಚದೆ ಉಳಿಸಿಕೊಂಡವರಿಗೆ ಅದರಿಂದ ಹಣ ಸಲ್ಲಬೇಕು.

ದೊಡ್ಡಪ್ಪ: ಅಡಿಕೆ ನೆಡಲು ಹೇಳಿದವನು ನಾನು. ಗದ್ದೆ ಕೆಲಸಕ್ಕೆ ಆಳು ಸಿಗುತ್ತಿರಲಿಲ್ಲ, ಆ ಕಷ್ಟ ನಿನಗೆ ತಿಳಿಯದು.

ನಾನು: ತಿಳಿದಿದೆ ದೊಡ್ಡಪ್ಪ. ಆ ಹಣ ಬೇಕೆನ್ನುವುದು ಅದಕ್ಕಾಗಿಯೇ.

ಅತ್ತೆ: ಹಣ ಬರುವಾಗ ಬರಲಿ. ಈ ಬೇಸಿಗೆಯಲ್ಲಿ ಮೋಟಾರು ಯಾವ ದಿನ ನಿಲ್ಲಿಸುತ್ತೀರೆಂದು ಈಗಲೇ ಹೇಳಿ.

ಚಿಕ್ಕಪ್ಪ: ಎರಡು ದಿನ ಬಿಟ್ಟು ಒಂದು ದಿನ ನಿಲ್ಲಿಸುತ್ತೇನೆ.

ಅತ್ತೆ: ಒಂದು ದಿನ ಬಿಟ್ಟು ಒಂದು ದಿನ.