ಕರಾರಿನಲ್ಲಿ '200 ಟನ್' ಎಂದಷ್ಟೇ ಇದ್ದರೆ, ವೇಗ ಬದಲಾಗುವ ಚಿಲ್ಲರ್‌ನ ಸಾಮರ್ಥ್ಯವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಆಸ್ಪತ್ರೆಯ ನಿರ್ವಹಣಾ ಎಂಜಿನಿಯರ್, ಕಲಬುರಗಿ)

ನಮ್ಮ ಹೊಸ ಕಟ್ಟಡಕ್ಕೆ ತಲಾ 200 ಟನ್ನಿನ (ಇಲ್ಲಿ ಟನ್ ತೂಕವಲ್ಲ, ತಂಪುಗೊಳಿಸುವ ಸಾಮರ್ಥ್ಯದ ಅಳತೆ) ಎರಡು ವಾಟರ್ ಕೂಲ್ಡ್ ಸ್ಕ್ರೂ ಚಿಲ್ಲರ್‌ಗಳನ್ನು, ಅಂದರೆ ಹವಾನಿಯಂತ್ರಣಕ್ಕೆ ನೀರನ್ನು ತಣ್ಣಗಾಗಿಸುವ ಯಂತ್ರಗಳನ್ನು, ಅಳವಡಿಸಲಾಗಿದೆ. ಎರಡಕ್ಕೂ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಇರುವುದರಿಂದ ಹೊರೆಗೆ, ಅಂದರೆ ಕಟ್ಟಡಕ್ಕೆ ಆ ಹೊತ್ತಿಗೆ ಬೇಕಾದ ತಂಪಿಗೆ, ತಕ್ಕಂತೆ ಕಂಪ್ರೆಸರ್‌ನ ವೇಗ ಬದಲಾಗುತ್ತದೆ. ಕರಾರಿನಲ್ಲಿ ಸಾಮರ್ಥ್ಯದ ಬಗ್ಗೆ ಒಂದೇ ಸಾಲಿದೆ. ಸಾಮರ್ಥ್ಯ ಪರೀಕ್ಷೆ ಮುಗಿದ ಮೇಲೆ ಬಾಕಿ ಶೇ 10ರಷ್ಟು ಹಣ ಪಾವತಿಸತಕ್ಕದ್ದು ಎಂದೂ ಇದೆ. ಈಗ ಡಿಸೆಂಬರ್. ಹಲವು ವಾರ್ಡುಗಳು ಇನ್ನೂ ತೆರೆದಿಲ್ಲವಾದ್ದರಿಂದ ಒಟ್ಟು ಹೊರೆ 90 ಟನ್ ದಾಟುತ್ತಿಲ್ಲ. ಕಾರ್ಖಾನೆಯ ಪರೀಕ್ಷಾ ವರದಿಯೇ ಸಾಕೆಂದು ಗುತ್ತಿಗೆದಾರರು ಹೇಳುತ್ತಾರೆ. 200 ಟನ್ ಕಣ್ಣಿಗೆ ಕಾಣುವವರೆಗೆ ಹಣವಿಲ್ಲವೆಂದು ಲೆಕ್ಕಪತ್ರ ವಿಭಾಗದವರು ಹೇಳುತ್ತಾರೆ. ಈಗ ಏನು ಮಾಡಬಹುದು, ಮುಂದಿನ ಟೆಂಡರ್‌ನಲ್ಲಿ ಏನು ಬರೆಯಬೇಕು?

ಉತ್ತರ 1 (ಹವಾನಿಯಂತ್ರಣ ವಿನ್ಯಾಸಕರು)

200 ಟನ್ ಎನ್ನುವುದು ಯಂತ್ರದ ಸ್ಥಿರ ಗುಣವಲ್ಲ, ಕೆಲವು ಷರತ್ತುಗಳಲ್ಲಿ ಅದು ಕೊಡುವ ಫಲ. ಚಿಲ್ಲರ್‌ಗೆ ಬರುವ ನೀರು 12 ಡಿಗ್ರಿ, ಹೊರಡುವ ನೀರು 7 ಡಿಗ್ರಿ, ಗಂಟೆಗೆ ಸುಮಾರು 121 ಘನ ಮೀಟರ್ ಹರಿವು, ಯಂತ್ರದ ಶಾಖವನ್ನು ಹೊರಗಾಳಿಗೆ ಬಿಡುವ ಕೂಲಿಂಗ್ ಟವರ್‌ನಿಂದ ಬರುವ ನೀರು 32 ಡಿಗ್ರಿ ಎಂದೆಲ್ಲ ನಮೂದಿಸಿದಾಗ ಮಾತ್ರ ಆ ಅಂಕಿಗೆ ಅರ್ಥ ಬರುತ್ತದೆ. ಡಿಸೆಂಬರ್‌ನಲ್ಲಿ ಟವರ್‌ನಿಂದ 24 ಡಿಗ್ರಿಯ ನೀರು ಬರುತ್ತಿದ್ದರೆ ಕಂಪ್ರೆಸರ್‌ನ ಶ್ರಮ ಕಡಿಮೆ. ಆದ್ದರಿಂದ ಹೇಗೋ ಹೊರೆ ಒದಗಿಸಿ ಈಗ 200 ಟನ್ ತೋರಿಸಿದರೂ ಮೇ ತಿಂಗಳ ಕಲಬುರಗಿಗೆ ಅದು ಪುರಾವೆಯಾಗದು. ಲೆಕ್ಕಪತ್ರ ವಿಭಾಗದವರು ಕೇಳುತ್ತಿರುವ ಸಾಕ್ಷ್ಯ ಅವರಿಗೇ ಉಪಯೋಗವಿಲ್ಲದ್ದು.

ಅಳತೆಯ ಲೆಕ್ಕ ಸರಳವಾಗಿದೆ: ಗಂಟೆಗೆ ಹರಿಯುವ ಘನ ಮೀಟರ್‌ಗಳನ್ನು ತಾಪಮಾನದ ವ್ಯತ್ಯಾಸದಿಂದ ಗುಣಿಸಿ 3.024ರಿಂದ ಭಾಗಿಸಿದರೆ ಟನ್ ಸಿಗುತ್ತದೆ. ತೊಡಕಿರುವುದು ಮಾಪಕಗಳಲ್ಲಿ. ಎರಡು ತಾಪಮಾಪಕಗಳೂ ತಲಾ 0.1 ಡಿಗ್ರಿ ತಪ್ಪಿ, ಆ ತಪ್ಪುಗಳು ಕೂಡಿಕೊಂಡರೆ 5 ಡಿಗ್ರಿ ವ್ಯತ್ಯಾಸದಲ್ಲಿ ದೋಷ ಶೇ 4. ಅದೇ ಹರಿವಿನಲ್ಲಿ 90 ಟನ್ನಿಗೆ ವ್ಯತ್ಯಾಸ 2.25 ಡಿಗ್ರಿಗೆ ಇಳಿಯುವುದರಿಂದ ದೋಷ ಸುಮಾರು ಶೇ 9ಕ್ಕೆ ಏರುತ್ತದೆ. ಅಳತೆಯ ದೋಷಕ್ಕೆ ಎಲ್ಲ ಹೊರೆಗೂ ಒಂದೇ ವಿನಾಯಿತಿ ಬರೆಯುವ ಕರಾರುಗಳು ಇಲ್ಲಿಯೇ ಎಡವುತ್ತವೆ. ಜೊತೆಗೆ ಶಾಖದ ತಾಳೆಯನ್ನೂ ಕಡ್ಡಾಯಗೊಳಿಸಿ: ತಣ್ಣೀರಿನಿಂದ ತೆಗೆದ ಶಾಖ ಮತ್ತು ಕಂಪ್ರೆಸರ್ ಬಳಸಿದ ವಿದ್ಯುತ್ ಸೇರಿ, ಕಂಡೆನ್ಸರ್ (ಶಾಖ ಹೊರಹಾಕುವ ಭಾಗ) ನೀರು ಟವರ್‌ಗೆ ಹೊತ್ತೊಯ್ದ ಶಾಖಕ್ಕೆ ಹೆಚ್ಚುಕಡಿಮೆ ಸಮನಾಗಬೇಕು. ಆಗದಿದ್ದರೆ ಯಾವುದೋ ಮೀಟರ್ ತಪ್ಪು ತೋರಿಸುತ್ತಿದೆ ಎಂದರ್ಥ, ಆ ಪರೀಕ್ಷೆಯ ಅಂಕಿಗಳ ಮೇಲೆ ವಾದ ಬೆಳೆಸುವುದು ವ್ಯರ್ಥ.

ಮುಂದಿನ ಟೆಂಡರ್‌ನಲ್ಲಿ ಶೇ 100, 75, 50, 25ರ ಹೊರೆಗಳಿಗೆ ಪ್ರತ್ಯೇಕವಾಗಿ, ಆಯಾ ಹೊರೆಯಲ್ಲಿ ಟವರ್ ನೀರಿನ ತಾಪಮಾನವನ್ನೂ ನಮೂದಿಸಿ, ಟನ್ನಿಗೆ ಎಷ್ಟು ಕಿಲೋವಾಟ್ ಎಂಬ ಖಾತರಿ ಕೇಳಿರಿ. ಈ ನಾಲ್ಕು ಹೊರೆಗಳ ದಕ್ಷತೆಯನ್ನು ಬೆರೆಸಿ ಕೊಡುವ ಐಪಿಎಲ್‌ವಿ ಎಂಬ ಒಂದೇ ಸರಾಸರಿ ಅಂಕಿಗೆ ಒಪ್ಪಬೇಡಿ. ಅದರಲ್ಲಿ ಪೂರ್ಣ ಹೊರೆಯ ಪಾಲು ಕೇವಲ ಶೇ 1; ಉಳಿದ ಮೂರರ ಪಾಲು ಕ್ರಮವಾಗಿ ಶೇ 42, 45 ಮತ್ತು 12. ಹಗಲಿರುಳು ನಡೆಯುವ ಆಸ್ಪತ್ರೆಯ ಹೊರೆ ಆ ಪ್ರಮಾಣದಲ್ಲೇ ಹಂಚಿಹೋಗುತ್ತದೆಂದು ನಂಬಲು ಕಾರಣವಿಲ್ಲ.

ಉತ್ತರ 2 (ಗುತ್ತಿಗೆ ದಸ್ತಾವೇಜುಗಳನ್ನು ಸಿದ್ಧಪಡಿಸುವವರು)

ಹೊರೆ ಒದಗಿಸುವ ಹೊಣೆ ಯಾರದು ಎಂಬುದನ್ನು ನಿಮ್ಮ ಕರಾರು ಹೇಳಿಲ್ಲ. ಜಗಳದ ಮೂಲ ಅದೇ. ವಾರ್ಡು ತೆರೆಯದಿರುವುದು ಗುತ್ತಿಗೆದಾರರ ಲೋಪವಲ್ಲವಾದ್ದರಿಂದ ಹಣವನ್ನು ಅನಿರ್ದಿಷ್ಟವಾಗಿ ತಡೆಯುವುದು ನ್ಯಾಯವಲ್ಲ, ಹಾಗೆಂದು ಬಿಟ್ಟುಕೊಡುವುದು ಜಾಣತನವೂ ಅಲ್ಲ. ಈಗ ಸಿಗುವ ಹೊರೆಯಲ್ಲಿ ಒಂದು ಪರೀಕ್ಷೆ, ಬೇಸಿಗೆಯಲ್ಲಿ ಇನ್ನೊಂದು ಎಂದು ಲಿಖಿತ ತಿದ್ದುಪಡಿ ಮಾಡಿಕೊಂಡು, ಅಲ್ಲಿಯವರೆಗೆ ಬ್ಯಾಂಕ್ ಗ್ಯಾರಂಟಿ ಪಡೆದು ಹಣ ಬಿಡುಗಡೆ ಮಾಡಿರಿ. ಬೇಸಿಗೆಯಲ್ಲೂ ಹೊರೆ ಬಾರದಿದ್ದರೆ ಏನೆಂಬುದನ್ನು ಕೊನೆಯ ದಿನಾಂಕದೊಡನೆ ಬರೆಯಿರಿ. ಕೊರತೆಗೆ ಟನ್ನಿಗೆ ಇಷ್ಟೆಂದು ಪರಿಹಾರ ನಿಗದಿಪಡಿಸುವಾಗ, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತ ಗರಿಷ್ಠ ಮಿತಿಯೇ ಹೊರತು ತಾನಾಗಿ ಕೈಸೇರುವ ಹಣವಲ್ಲ, ನ್ಯಾಯಾಲಯ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ ಎಂಬುದು ಗಮನದಲ್ಲಿರಲಿ.

ಉತ್ತರ 3 (ಪ್ಲಾಂಟ್ ನಡೆಸುವವರು)

ಎಲ್ಲರೂ ಮೇಲಿನ ತುದಿಯನ್ನೇ ನೋಡುತ್ತಿದ್ದೀರಿ. ಆಪರೇಷನ್ ಥಿಯೇಟರ್ ಮತ್ತು ಐಸಿಯು ಮಾತ್ರ ನಡೆಯುವ ರಾತ್ರಿಯಲ್ಲಿ ಹೊರೆ 25 ಟನ್ನಿಗೆ ಇಳಿದರೆ, ಶೇ 20ಕ್ಕಿಂತ ಕೆಳಗೆ ಹೋಗಲಾರದ 200 ಟನ್ ಯಂತ್ರವು ನಿಂತು ಶುರುವಾಗುತ್ತಲೇ ಇರುತ್ತದೆ. ತಣ್ಣೀರಿನ ತಾಪಮಾನ ಏರಿಳಿದು ಥಿಯೇಟರ್‌ನ ತೇವಾಂಶ ಕೈತಪ್ಪುತ್ತದೆ. ಆದ್ದರಿಂದ ಸ್ಥಿರವಾಗಿ ನಡೆಯಬಲ್ಲ ಕನಿಷ್ಠ ಟನ್ ಎಷ್ಟು, ಎಷ್ಟು ಹೊತ್ತು ನಿಲ್ಲದೆ ನಡೆಯಬೇಕು, ಗಂಟೆಗೆ ಎಷ್ಟು ಬಾರಿ ಶುರುವಾಗಬಹುದು ಎಂಬುದನ್ನೂ ಕರಾರಿನಲ್ಲಿ ಸೇರಿಸಿರಿ. ಈ ಪರೀಕ್ಷೆಗೆ ಬೇಸಿಗೆಯವರೆಗೆ ಕಾಯಬೇಕಿಲ್ಲ. ಒಂದು ಚಿಲ್ಲರ್ ನಿಲ್ಲಿಸಿ ಇನ್ನೊಂದನ್ನು ಇದೇ ವಾರ ರಾತ್ರಿಯಿಡೀ ನಡೆಸಿ, ನಿಮಿಷಕ್ಕೊಮ್ಮೆ ದಾಖಲಾಗುವ ಅಂಕಿಗಳನ್ನು ತೆಗೆದಿಟ್ಟುಕೊಳ್ಳಿ.