‘ಎಕ್ಸ್‌ಟರ್ಮಿನೇಟ್’: ಗಡಿಪಾರೋ, ನಿರ್ನಾಮವೋ?

ಗೆಳೆಯರೇ,

ನಾಲ್ಕು ದಿನದಿಂದ ಒಂದು ಪದ ಕಾಡುತ್ತಿದೆ. ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರಾದ ಮಾರ್ಮನ್ನರ ಮೊದಲ ದಿನಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1838ರ ಅಕ್ಟೋಬರ್ 27ರಂದು ಮಿಸೌರಿಯ ಗವರ್ನರ್ ಲಿಲ್‌ಬರ್ನ್ ಬಾಗ್ಸ್ ತನ್ನ ಮಿಲಿಷಿಯಾದ (ರಾಜ್ಯದ ನಾಗರಿಕ ಪಡೆಯ) ಜನರಲ್‌ಗೆ ಒಂದು ಆದೇಶ ಬರೆದ. ಮಾರ್ಮನ್ನರನ್ನು ಶತ್ರುಗಳೆಂದೇ ಕಾಣಬೇಕು, ಅವರನ್ನು ‘ಎಕ್ಸ್‌ಟರ್ಮಿನೇಟ್’ ಮಾಡಬೇಕು, ಇಲ್ಲವೇ ರಾಜ್ಯದಿಂದ ಓಡಿಸಬೇಕು ಅಂತ ಅದರಲ್ಲಿದೆ. ಈ ಪದಕ್ಕೆ ಕನ್ನಡದಲ್ಲಿ ಏನು ಹಾಕಲಿ?

ಮೊದಲು ‘ನಿರ್ಮೂಲನೆ’ ಅಂತ ಬರೆದೆ. ಓದಿ ನೋಡಿದರೆ ಆಸ್ಪತ್ರೆ ಗೋಡೆಯ ‘ಪೋಲಿಯೋ ನಿರ್ಮೂಲನೆ’ ಕಣ್ಣಮುಂದೆ ಬಂತು. ಹೊಡೆದುಹಾಕಿದೆ.

ಆಮೇಲೆ ಪದದ ಬೇರು ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಟರ್ಮಿನಸ್’ ಎಂದರೆ ಗಡಿ. ಗಡಿಯಾಚೆ ಅಟ್ಟುವುದು. ಅಂದರೆ ನಮ್ಮ ‘ಗಡಿಪಾರು’ ಅಚ್ಚುಹಾಕಿದ ಹಾಗಿದೆ, ಅಲ್ವಾ? ವೆಬ್‌ಸ್ಟರನ 1828ರ ನಿಘಂಟು ಕೂಡ ಮೂಲಾರ್ಥ ಇದೇ ಎನ್ನುತ್ತದೆ. ಪೂರ್ತಿ ನಾಶ ಮಾಡುವುದು ಅನ್ನುವ ಅರ್ಥ ಅದರ ನಂತರ. ಬಾಗ್ಸ್ ಹೇಳಿದ್ದು ‘ಓಡಿಸಿ’ ಅಂತಷ್ಟೇ ಎಂದು ವಾದಿಸುವವರೂ ಇದ್ದಾರೆ. ಪದ ಸಿಕ್ಕಿತು ಅಂತ ಅರ್ಧ ಗಂಟೆ ಖುಷಿಯಾಗಿದ್ದೆ.

ಆಮೇಲೆ ಆ ‘ಇಲ್ಲವೇ’ ಕಣ್ಣಿಗೆ ಬಿತ್ತು. ಗಡಿಪಾರು ಮಾಡಿ, ಇಲ್ಲವೇ ರಾಜ್ಯದಿಂದ ಓಡಿಸಿ! ಇದೆಂಥ ಮಾತು? ಎರಡೂ ಒಂದೇ ಆದರೆ ನಡುವೆ ‘ಇಲ್ಲವೇ’ ಯಾಕೆ? ಇನ್ನೊಂದು ಸಾಕ್ಷಿ ಅದೇ ವರ್ಷದ್ದು, ಮಾರ್ಮನ್ನರ ಬಾಯಿಂದಲೇ ಬಂದದ್ದು. ಜುಲೈ 4ರಂದು ಫಾರ್ ವೆಸ್ಟ್ ಊರಿನಲ್ಲಿ ಅವರ ಮುಖಂಡ ಸಿಡ್ನಿ ರಿಗ್ಡನ್ ಭಾಷಣ ಮಾಡಿದ. ಗುಂಪು ಕಟ್ಟಿಕೊಂಡು ಮೇಲೆ ಬಿದ್ದರೆ ಅದು ‘ಎಕ್ಸ್‌ಟರ್ಮಿನೇಶನ್’ ಯುದ್ಧವಾಗುತ್ತದೆ, ಕಡೇ ತೊಟ್ಟು ರಕ್ತ ಹರಿಯುವವರೆಗೂ ಬಿಡುವುದಿಲ್ಲ ಎಂದ. ಇಲ್ಲಿ ಗಡಿಯ ಮಾತೇ ಇಲ್ಲ. ನಾಲ್ಕು ತಿಂಗಳೊಳಗೆ ಅದೇ ಪದ ಗವರ್ನರ್ ಕಾಗದದಲ್ಲಿ ತಿರುಗಿ ಬಂತು.

ಅಲ್ಲದೆ ನಮ್ಮ ಪೇಪರ್‌ನಲ್ಲಿ ಗಡಿಪಾರು ಆಗುವವರು ಯಾರು? ಚುನಾವಣೆ ಹತ್ತಿರ ಬಂದಾಗ ರೌಡಿಶೀಟರ್‌ಗಳು. ಒಬ್ಬೊಬ್ಬರ ಹೆಸರು ಹಾಕಿ, ಇಷ್ಟು ತಿಂಗಳು ಅಂತ. ಹೆಂಗಸರು ಮಕ್ಕಳು ಸೇರಿ ಸಾವಿರಾರು ಜನರಿಗೆ ಆ ಪದ ಹೊಂದುವುದಿಲ್ಲ.

ಆದೇಶ ಹೊರಟ ಮೂರೇ ದಿನಕ್ಕೆ ಹಾನ್ಸ್ ಮಿಲ್ ಎಂಬ ಹಳ್ಳಿಯ ಮೇಲೆ ದಾಳಿಯಾಯಿತು. ದಾಳಿ ಮಾಡಿದವರ ಕೈಗೆ ಆದೇಶ ತಲುಪಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ. ಗಂಡಸರು ಕಮ್ಮಾರಸಾಲೆಯೊಳಗೆ ಓಡಿದರು. ಅದರ ಗೋಡೆ ಬರೀ ಮರದ ದಿಮ್ಮಿಗಳದ್ದು, ನಡುವೆ ಸಂದು. ಆ ಸಂದಿನಲ್ಲೇ ಬಂದೂಕು ತೂರಿಸಿ ಹೊಡೆದರು. ಸತ್ತವರು 17 ಮಂದಿ. ಸಾರ್ಡಿಯಸ್ ಸ್ಮಿತ್ ಎಂಬ 10 ವರ್ಷದ ಹುಡುಗ ತಿದಿಯ ಕೆಳಗೆ ಅಡಗಿದ್ದ. ಅವನನ್ನೂ ಬಿಡಲಿಲ್ಲ. ‘ಸೀರೇ ಮುಂದೆ ಹೇನಾಗುವುದು’ ಎಂಬ ಅರ್ಥದ ಮಾತು ಆಗ ಬಂತು ಅಂತ ಬದುಕುಳಿದವರು ಹೇಳಿದ್ದಾರೆ. ಹೇನು, ಸೀರು! ಇವತ್ತು ಅಮೆರಿಕದಲ್ಲಿ ಎಕ್ಸ್‌ಟರ್ಮಿನೇಟರ್ ಎಂದರೆ ಮನೆಗೆ ಬಂದು ಜಿರಳೆ, ಇಲಿ ಕೊಲ್ಲುವವನು. ಇಷ್ಟಾದ ಮೇಲೆ ‘ಗಡಿಪಾರು’ ಅಂತ ಬರೆಯಲು ಕೈ ಬರಲಿಲ್ಲ.

‘ಬೇರುಸಹಿತ ಕೀಳು’ ಅನ್ನುವುದನ್ನೂ ಯೋಚಿಸಿದೆ. ಕಿತ್ತ ಗಿಡವನ್ನು ಬೇರೆ ಕಡೆ ನೆಡಬಹುದು, ತಿಪ್ಪೆಗೂ ಎಸೆಯಬಹುದು. ಇಬ್ಬಗೆಯ ಅರ್ಥ ಉಳಿಯುತ್ತದೆ, ನಿಜ. ಆದರೆ ಆದೇಶದ ಬಿರುಸು ಹೋಗಿಬಿಡುತ್ತದೆ. ಹಾಗಾಗಿ ಸದ್ಯಕ್ಕೆ ‘ನಿರ್ನಾಮ’ ಹಾಕಿದ್ದೇನೆ. ಆದೇಶಕ್ಕೂ ‘ನಿರ್ನಾಮದ ಆದೇಶ’ ಎಂದೇ ಹೆಸರು. (ಅದನ್ನು ಹಿಂಪಡೆದದ್ದು 1976ರಲ್ಲಿ, ಗವರ್ನರ್ ಕಿಟ್ ಬಾಂಡ್. ಅಲ್ಲಿವರೆಗೂ ಕಡತದಲ್ಲಿ ಹಾಗೇ ಕೂತಿತ್ತು.) ಇನ್ನು ‘ಓಡಿಸು’ ಇದ್ದ ಕಡೆ ‘ಒಕ್ಕಲೆಬ್ಬಿಸು’ ಜಾಸ್ತಿ ಒಪ್ಪುತ್ತದೆ ಅನ್ನಿಸುತ್ತದೆ. ಯುದ್ಧದ ಖರ್ಚಿಗೆ ಅಂತ ಮಾರ್ಮನ್ನರ ಆಸ್ತಿ ಬರೆಸಿಕೊಂಡೇ ಕಳಿಸಿದ್ದು. ಆ ಚಳಿಗಾಲದಲ್ಲಿ ಅವರು ಮಿಸಿಸಿಪಿ ದಾಟಿ ಇಲಿನಾಯ್‌ನ ಕ್ವಿನ್ಸಿ ಊರಿನ ಕಡೆ ಹೋದರು.

ಇದರ ಜೊತೆ ಇನ್ನೊಂದು ತೊಡಕು. ಮಾರ್ಮನ್ನರನ್ನು ವಿರೋಧಿಸಿದವರು ತಮ್ಮನ್ನು ‘ಓಲ್ಡ್ ಸೆಟ್ಲರ್ಸ್’ ಎಂದುಕೊಳ್ಳುತ್ತಿದ್ದರು. ಹೊಸಬರು ಒಟ್ಟಾಗಿ ವೋಟು ಹಾಕುತ್ತಾರೆ, ಈ ನೆಲ ದೇವರು ತಮಗೆ ಕೊಟ್ಟದ್ದು ಅನ್ನುತ್ತಾರೆ ಅನ್ನುವುದು ಅವರ ಸಿಟ್ಟು. ಜಗಳ ಮೊದಲು ಹತ್ತಿಕೊಂಡ ಜಾಕ್ಸನ್ ಕೌಂಟಿ ಹುಟ್ಟಿದ್ದು 1826ರಲ್ಲಿ. ಮಾರ್ಮನ್ನರು ಅಲ್ಲಿಗೆ ಬಂದದ್ದು 1831ರಲ್ಲಿ. ಐದೇ ವರ್ಷಕ್ಕೆ ‘ಓಲ್ಡ್’! ‘ಮೂಲನಿವಾಸಿ’ ಅಂತೂ ಆಗದು. ಅಲ್ಲಿನ ನಿಜವಾದ ಮೂಲನಿವಾಸಿಗಳಾದ ಓಸೇಜ್ ಬುಡಕಟ್ಟಿನ ಜನ ಮಿಸೌರಿಯಲ್ಲಿ ಉಳಿದಿದ್ದ ತಮ್ಮ ನೆಲವನ್ನೆಲ್ಲ 1825ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು. ನಾನು ಸುಮ್ನೆ ‘ಹಳಬರು’ ಎಂದಿದ್ದೇನೆ. ಆಫೀಸಿನ ಹಳಬರ ಹಾಗೆ ಕೇಳಿಸುತ್ತದಾ? ನಿಮ್ಮ ಊರಿನ ಕಡೆ ಹೀಗೆ ಒಂದು ಹೆಜ್ಜೆ ಮುಂಚೆ ಬಂದು ಯಜಮಾನಿಕೆ ಮಾಡುವವರಿಗೆ ಬೇರೆ ಮಾತು ಇದ್ದರೆ ತಿಳಿಸಿ.