ಕುರ್ಚಿ ಮುರಿದು ಬಿದ್ದೆ. "ಎಲ್ಲಾ ಒಂದೇ ಫ್ಯಾಕ್ಟರಿ ಮಾಲು" ಅನ್ನೋದು ನಿಜವಾ?

ಬೆಟ್ಟದಹುಳ:
ಹೋದ ಭಾನುವಾರ ಸಕಲೇಶಪುರದ ಹತ್ತಿರ ದೊಡ್ಡಮ್ಮನ ತೋಟದಲ್ಲಿ ಟೆಂಟ್ ಹಾಕಿದ್ವಿ. ಆನ್‌ಲೈನಲ್ಲಿ 1,800 ರೂಪಾಯಿಗೆ ತರಿಸಿದ್ದ ಮಡಚೋ ಕುರ್ಚಿ, ಟೀ ಲೋಟ ಹಿಡಿದು ಕೂತ ನಾಲ್ಕೇ ನಿಮಿಷಕ್ಕೆ ಟಪ್ ಅಂತು. ನಾನು ಅಂಗಾತ, ಟೀ ಎದೆ ಮೇಲೆ. "ಮಣೆ ಕೊಟ್ಟಿದ್ರೆ ಬೀಳ್ತಿದ್ಯೇನೋ" ಅಂದ್ರು ದೊಡ್ಡಮ್ಮ. ನನ್ನ ತೂಕ 78 ಕೆಜಿ, ಚೀಲದ ಮೇಲೆ 150 ಅಂತ ಅಚ್ಚಾಗಿದೆ. ಕೊಳವೆಗಳು ಸೇರೋ ಪ್ಲಾಸ್ಟಿಕ್ ಹಬ್ ಸೀಳಿದೆ, ಒಂದು ಕೊಳವೆಯ ಬಾಯಿ ಹೂವಿನ ಥರ ಅರಳಿದೆ.

ನೋಡೋಕೆ ಥೇಟ್ ಹೆಲಿನಾಕ್ಸ್ ಅನ್ನೋ ಬ್ರ್ಯಾಂಡಿನ 'ಚೇರ್ ಒನ್' ಕುರ್ಚಿ. ಗೆಳೆಯನ ಹತ್ತಿರ ಅಸಲಿ ಇದೆ, ಪಕ್ಕಪಕ್ಕ ಇಟ್ರೆ ಗೊತ್ತೇ ಆಗಲ್ಲ. ನಮ್ಮ ಗುಂಪಲ್ಲಿ ಎಲ್ರೂ ಹೇಳೋದು, "ಎಲ್ಲಾ ಒಂದೇ ಫ್ಯಾಕ್ಟರಿಯಿಂದ ಬರೋದು, ನೀನು ಕೊಡೋದು ಹೆಸರಿಗೆ ದುಡ್ಡು" ಅಂತ. ಹೌದಾ? ಮತ್ತೆ ಇಂಥ ನಕಲು ಕಾನೂನು ಪ್ರಕಾರ ಕಳ್ಳತನ ಅಲ್ವಾ?

ಒಂಟಿಸಲಗ:
ಗುರು, ಆ 150 ಪೌಂಡ್ ಇರ್ಬೇಕು. ಅಂದ್ರೆ 68 ಕೆಜಿ. ತಪ್ಪು ಕುರ್ಚಿದಲ್ಲ, ದೊಡ್ಡಮ್ಮನ ಕಡುಬಿಂದು.

ಕತ್ತರಿಮಾಸ್ಟರ್:
ತಮ್ಮಾ, ಪೀಣ್ಯದಲ್ಲಿ 26 ವರ್ಷ ಪ್ಯಾಟರ್ನ್ ಮಾಸ್ಟರ್ ಆಗಿದ್ದವನು ನಾನು. ಹೊರದೇಶದ ಬೈಯರ್‌ಗಳಿಗೆ ಜಾಕೆಟ್, ಆಮೇಲಾಮೇಲೆ ಬೆನ್ನುಚೀಲ. ಫ್ಯಾಕ್ಟರಿ ಒಂದೇ ಇರಬಹುದು ಕಣಪ್ಪ. ಬೆಳಗ್ಗೆ ಒಬ್ಬ ಬೈಯರ್ ಮಾಲು, ಮಧ್ಯಾಹ್ನ ಅದೇ ಲೈನಲ್ಲಿ ಅದೇ ಹೆಣ್ಮಕ್ಕಳ ಕೈಯಲ್ಲಿ ಇನ್ನೊಬ್ಬರದು. ಆದರೆ ಯಾವ ಬಟ್ಟೆ, ಯಾವ ದಾರ, ಯಾವ ಜಿಪ್, ಇಂಚಿಗೆ ಎಷ್ಟು ಹೊಲಿಗೆ, ಎಲ್ಲಾ ಬೈಯರ್ ಕಳಿಸೋ ಟೆಕ್ ಪ್ಯಾಕ್‌ನಲ್ಲಿ, ಅಂದ್ರೆ ಮಾಲು ಹೇಗಿರಬೇಕು ಅನ್ನೋ ವಿವರದ ಕಾಗದದಲ್ಲಿ ಇರುತ್ತೆ. ಕಾಸು ಬಿಚ್ಚಿದವನಿಗೆ ಇಂಚಿಗೆ ಹತ್ತು ಹೊಲಿಗೆ, ಚೌಕಾಸಿ ಮಾಡಿದವನಿಗೆ ಏಳು. ಹೊರಗಿಂದ ನೋಡೋನಿಗೆ ಎರಡೂ ಒಂದೇ.

ನಾನೂ ನಕಲು ಮಾಡಿದ್ದೀನಿ, ಮುಚ್ಚಿಡೋದೇನು. ಊರಿನ ವ್ಯಾಪಾರಿಯೊಬ್ಬ ಫಾರಿನ್ ಚೀಲ ತಂದು "ಮಾಸ್ಟ್ರೇ, ಇಂಥದ್ದೇ 200 ಬೇಕು" ಅಂದ. ಹೊಲಿಗೆ ಬಿಚ್ಚಿ ಬಿಡಿಬಿಡಿ ಮಾಡಿ, ಇಸ್ತ್ರಿ ಹೊಡೆದು, ಬ್ರೌನ್ ಪೇಪರ್ ಮೇಲೆ ಹರಡಿ ಗೆರೆ ಎಳೆದೆ. ಮಧ್ಯಾಹ್ನದ ಊಟದೊಳಗೆ ಪ್ಯಾಟರ್ನ್ ರೆಡಿ. ಕೆಳಗಡೆ ಒಂದು ಕುಣಿಕೆ ಇತ್ತು, ಯಾತಕ್ಕೆ ಅಂತ ಗೊತ್ತಿಲ್ಲ. ಅದನ್ನೂ ಬಿಡದೆ 200ಕ್ಕೂ ಹೊಲಿಸಿದೆ. ಹಿಮದಲ್ಲಿ ನಡೆಯೋರು ಕೊಡಲಿ ಸಿಗಿಸೋಕೆ ಇರೋದು ಅಂತ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ. ಮೆಜೆಸ್ಟಿಕ್‌ನಲ್ಲಿ ಹುಡುಗ್ರು ಅದಕ್ಕೆ ಛತ್ರಿ ಸಿಗಿಸ್ಕೊಂಡು ಓಡಾಡ್ತಿದ್ರು! ಆದರೆ ಭುಜದ ಪಟ್ಟಿಯೊಳಗಿನ ಫೋಮ್ ಯಾವ ದರ್ಜೆದು ಅಂತ ಕೈಗೆ ತಿಳಿಯುತ್ತಾ? ಪೇಟೆಯಲ್ಲಿ ಸಿಕ್ಕಿದ್ದನ್ನ ತುಂಬಿದ್ವಿ. ಒಂದೇ ಮಳೆಗಾಲ, ಹಪ್ಪಳ ಆಯ್ತು.

ನಿನ್ನ ಕುರ್ಚಿನೂ ಹಂಗೇ. ಹೆಲಿನಾಕ್ಸ್ ಹುಟ್ಟಿದ್ದು ಕೊರಿಯಾದ ಡಿಎಸಿ ಕಂಪನಿಯಿಂದ. ಡಿಎಸಿಯವರ ಕಸುಬೇ ಟೆಂಟಿನ ಕಂಬಿ, 1988ರಿಂದ. ದೊಡ್ಡ ದೊಡ್ಡ ಟೆಂಟ್ ಬ್ರ್ಯಾಂಡ್‌ಗಳು ಅವರ ಹತ್ತಿರ ಕೊಳ್ತಾವೆ. ಕುರ್ಚಿಗೂ ಅದೇ ಕಂಬಿ, ಅವರದ್ದೇ ಟಿಎಚ್72ಎಂ ಅನ್ನೋ ಮಿಶ್ರಲೋಹ. ಅದಕ್ಕೇ ಒಂದು ಕೆಜಿ ಆಸುಪಾಸಿನ ಕುರ್ಚಿ 145 ಕೆಜಿ ತಡೆಯುತ್ತೆ. ನಕಲು ಮಾಡೋನು ನಿನ್ನ ಗೆಳೆಯನ ಕುರ್ಚಿ ಅಳೆದು ಹಬ್‌ಗೆ ಅಚ್ಚು ಮಾಡಿಸ್ಕೋಬಹುದು. ಕೊಳವೆಯನ್ನ ಯಾವ ಶಾಖದಲ್ಲಿ ಎಷ್ಟು ಹೊತ್ತು ಇಟ್ಟು ಗಟ್ಟಿ ಮಾಡಿದ್ರು ಅನ್ನೋದು ಅಳತೆ ಟೇಪಿಗೆ ಸಿಗಲ್ಲ. ಬಾಯಿ ಅರಳಿದೆ ಅಂದ್ಯಲ್ಲ, ನನಗೆ ಅದು ಮೆದು ಅಲ್ಯೂಮಿನಿಯಂ ಅನ್ಸುತ್ತೆ.

ಕುಂದಾಪ್ರದವಳು:
ಊರು ಕುಂದಾಪುರ, ಇರೋದು ಅಮೆರಿಕದ ಸಿಯಾಟಲ್. ಕಳ್ಳತನದ ಪ್ರಶ್ನೆಗೆ ನಂದೊಂದು ಮಾತು ಮಾರಾಯ್ರೆ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ. ಭಾರತದಲ್ಲಿ 2000ದ ವಿನ್ಯಾಸ ಕಾಯ್ದೆ ಪ್ರಕಾರ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ ರಕ್ಷಣೆ, ಬೇಕಾದ್ರೆ ಮತ್ತೆ 5. ಭಾರತದಲ್ಲಿ ನೋಂದಾಯಿಸದೆ ಬರೀ ಅಮೆರಿಕದ ಕಾಗದ ಹಿಡಿದು ಬಂದ್ರೆ ಆ ಕಾಯ್ದೆಯಲ್ಲಿ ಹಕ್ಕಿಲ್ಲ. ಬೇರೆಯವರ ಹೆಸರು, ಲೋಗೋ ಹಾಕಿ ಮಾರಿದ್ರೆ ಮಾತ್ರ ಅದು ಶುದ್ಧ ಮೋಸ. ಕಠ್ಮಂಡುವಿನ ಠಮೇಲ್ ಪೇಟೆಯಲ್ಲಿ ನಕಲಿ ಲೋಗೋ ಮಾಲು ರಾಶಿ ಹಾಕಿರ್ತಾರಲ್ಲ, ಆ ಥರದ್ದು.

ಅವಧಿ ಮುಗಿದ ಮೇಲೆ ಯಾರು ಬೇಕಾದ್ರೂ ಮಾಡಬಹುದು. ತಾನಾಗಿ ಗಾಳಿ ತುಂಬಿಕೊಳ್ಳೋ ಹಾಸಿಗೆ ಗೊತ್ತಲ್ಲ? ಥರ್ಮ್-ಎ-ರೆಸ್ಟ್ ಅನ್ನೋ ಬ್ರ್ಯಾಂಡು, ನಮ್ಮ ಈ ಸಿಯಾಟಲ್‌ದೇ. 1970ರ ದಶಕದ ಶುರುವಿನಲ್ಲಿ ಬೋಯಿಂಗ್ ಕೆಲಸ ಹೋದ ಎಂಜಿನಿಯರ್‌ಗಳು, ಗಾಳಿ ಸೋರದ ಬಟ್ಟೆಯೊಳಗೆ ಫೋಮ್ ಅಂಟಿಸಿ ಒಂದು ವಾಲ್ವ್ ಇಟ್ಟರು. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲ ಆಯ್ತು. ಈಗ ಅಂಥದ್ದು ಊರೂರಲ್ಲಿ, ಯಾರೂ ಯಾರನ್ನೂ ಕಳ್ಳ ಅನ್ನಲ್ಲ.

ಕತ್ತರಿಮಾಸ್ಟರ್:
ಸರಿಯಾಗಿ ಹೇಳಿದೆ ತಂಗಿ. ನಮ್ಮಮ್ಮ ಪಿನ್ನು ಹಾಕಿ ಹಾಕಿ ಹಚ್ತಿದ್ದ ಹಿತ್ತಾಳೆ ಪಂಪ್ ಸ್ಟೌವ್ ಕೂಡ ಸ್ವೀಡನ್ನಿನ 1892ರ ಪ್ರೈಮಸ್ ಜಾತಿದೇ. ನಾರ್ವೆಯ ಸಾಹಸಿ ಅಮುಂಡ್ಸನ್ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೊತ್ಕೊಂಡು ಹೋಗಿದ್ದು ಪ್ರೈಮಸ್, ನಮ್ಮನೆ ಉಪ್ಪಿಟ್ಟು ಕೆದಕ್ತಿದ್ದದ್ದು ಅದರ ತಮ್ಮನ ಮೇಲೆ.

ಬೆಟ್ಟದಹುಳ:
ಮಾಸ್ಟ್ರೇ, ಥ್ಯಾಂಕ್ಸ್. ಗೆಳೆಯನ ಹಬ್ ಅಳತೆ ತಗೊಂಡು ಬಂದ್ರೆ ಪೀಣ್ಯದಲ್ಲಿ ಯಾರಾದ್ರೂ ಗಟ್ಟಿ ನೈಲಾನಲ್ಲಿ ಒಂದು ಮಾಡಿಕೊಡ್ತಾರಾ?

ಕತ್ತರಿಮಾಸ್ಟರ್:
ನಕಲಿಗೊಂದು ನಕಲು! ಮಾಡೋರು ಇದ್ದಾರೆ, ಆದರೆ ಆ ಕೊಳವೆ ನಂಬ್ಕೊಂಡು ಮತ್ತೆ ಕೂರಬೇಡ. ಸೀಟಿನ ಬಟ್ಟೆ ಹರಿದಿಲ್ಲ ತಾನೇ? ತಂದುಕೊಡು, ದೊಡ್ಡಮ್ಮನಿಗೆ ತರಕಾರಿ ಚೀಲ ಹೊಲಿದುಕೊಡ್ತೀನಿ.